ಆರ್ಥರ್ ಸಲಿವನ್ನನ ವಿನೋದ ಗೀತನಾಟಕಗಳು

ಗೇಯರಚನೆಯ ಪದಭಾಗವನ್ನು ‘ಮಾತು’ ಎಂದೂ ಸ್ವರಭಾಗವನ್ನು ‘ಧಾತು’ ಎಂದೂ ವಿಂಗಡಿಸಿ, ಎರಡನ್ನೂ ತಾನೇ ರಚಿಸಬಲ್ಲವನನ್ನು ವಾಗ್ಗೇಯಕಾರನೆಂದು ನಮ್ಮ ಸಂಗೀತಶಾಸ್ತ್ರಕಾರರು ಕರೆದಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲಂಡನ್ ನಗರವನ್ನು ರಂಜಿಸಿದ ವಿನೋದ ಗೀತನಾಟಕಗಳಲ್ಲಿ ಈ ಅಂಗಗಳೆರಡೂ ಇಬ್ಬರ ಕೈಯಲ್ಲಿದ್ದುವು. ಮಾತು ಡಬ್ಲ್ಯು. ಎಸ್. ಗಿಲ್ಬರ್ಟನದು, ಧಾತು ಆರ್ಥರ್ ಸಲಿವನ್ನನದು. ಹಾಸ್ಯವೆಲ್ಲವೂ ಗಿಲ್ಬರ್ಟನದೆಂದೂ, ಗಂಭೀರ ಸಂಗೀತಕ್ಕೆ ಸಲ್ಲಬೇಕಾಗಿದ್ದ ಸಲಿವನ್ನನ ವಿದ್ಯೆಯು ಇಲ್ಲಿ ವ್ಯರ್ಥವಾಯಿತೆಂದೂ ಹೇಳುವುದುಂಟು. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸಲಿವನ್ನನು 1842ರಲ್ಲಿ ಲಂಡನ್ನಿನಲ್ಲಿ ಹುಟ್ಟಿದನು. ತಂದೆ ಸೈನಿಕ ವಾದ್ಯಮೇಳದ ನಾಯಕ. 1856ರಲ್ಲಿ ಮೆಂಡೆಲ್ಸನ್ ವಿದ್ಯಾರ್ಥಿವೇತನವನ್ನು ಮೊದಲಿಗನಾಗಿ ಪಡೆದು, ಬಳಿಕ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವ್ಯಾಸಂಗ ಮಾಡಿದನು. ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕಕ್ಕೆ ಆತನು ರಚಿಸಿದ ಸಂಗೀತವು 1862ರಲ್ಲಿ, ಇಪ್ಪತ್ತು ವರ್ಷ ತುಂಬುವ ಮೊದಲೇ, ಆತನಿಗೆ ಕೀರ್ತಿಯನ್ನು ತಂದಿತು. ಗಿಲ್ಬರ್ಟನೊಡನೆ ಕೂಡಿ 1871ರಲ್ಲಿ ರಚಿಸಿದ ‘ಥೆಸ್ಪಿಸ್’ನ ಸಂಗೀತವು ಬಹುಪಾಲು ನಷ್ಟವಾಗಿದೆ. 1875ರಲ್ಲಿ ರಿಚರ್ಡ್ ಡಾಯ್ಲಿ ಕಾರ್ಟನು ಇಬ್ಬರನ್ನೂ ಮತ್ತೆ ಸೇರಿಸಿ ‘ಟ್ರಯಲ್ ಬೈ ಜ್ಯೂರಿ’ಯನ್ನು ಆಡಿಸಿದನು.

1878ರ ‘ಎಚ್. ಎಂ. ಎಸ್. ಪಿನಾಫೋರ್’ 571 ಪ್ರಯೋಗಗಳನ್ನು ಕಂಡಿತು. ಅಮೆರಿಕದಲ್ಲಿ ಅದನ್ನು ಅಪ್ಪಣೆಯಿಲ್ಲದೆ ಆಡಿದವರು ಅನೇಕರು. ಕರ್ತೃಗಳಿಗೆ ಸಂದ ಪ್ರತಿಫಲವು ಅತ್ಯಲ್ಪ. ಆದುದರಿಂದಲೇ ಕಡಲ್ಗಳ್ಳರ ಕಥೆಯಾದ ‘ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್’ 1879ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ರಂಗವೇರಿತು. ಇಂಗ್ಲೆಂಡಿನ ಹಕ್ಕನ್ನು ಕಾಯುವುದಕ್ಕಾಗಿ ಹಿಂದಿನ ದಿನ ಪೇಯ್ನ್‌ಟನ್ ಊರಿನಲ್ಲಿ ಹೆಸರಿಗೊಂದು ಪ್ರಯೋಗ ನಡೆದಿದ್ದಿತು. 1881ರಲ್ಲಿ ಕಾರ್ಟನು ಕಟ್ಟಿಸಿದ ಸವಾಯ್ ನಾಟಕಶಾಲೆಯು ವಿದ್ಯುದ್ದೀಪಗಳಿಂದ ಬೆಳಗಿತು. ಅಲ್ಲಿ 1885ರ ‘ಮಿಕಾಡೊ’ 672 ಸಲ ನಡೆಯಿತು.

ಇನ್ನು ಸಂಗೀತದ ವಿಚಾರ. ಸಾಮಾನ್ಯವಾಗಿ ಗಿಲ್ಬರ್ಟನ ಪದಗಳು ಮೊದಲು ಸಿದ್ಧವಾಗುತ್ತಿದ್ದುವು. ಸಲಿವನ್ನನು ಅವುಗಳಿಗೆ ಹಲವು ಲಯಗಳನ್ನು ಹೊಂದಿಸಿ ನೋಡಿ, ಒಂದನ್ನು ನಿಶ್ಚಯಿಸಿದ ಮೇಲೆಯೇ ಸ್ವರಗಳಿಗೆ ಕೈಯಿಡುತ್ತಿದ್ದನು. ‘ಪೈರೇಟ್ಸ್’ ನಾಟಕದಲ್ಲಿ ಮೇಬಲ್ ಎಂಬ ಕನ್ಯೆಯೂ ಅವಳ ಪ್ರಿಯನೂ ಪ್ರಣಯಸಲ್ಲಾಪದಲ್ಲಿರುವಾಗ, ಅವಳ ಸೋದರಿಯರು ಅದನ್ನು ಕಾಣದವರಂತೆ ಹವೆಯ ವಿಷಯವನ್ನು ಹರಟುತ್ತಾರೆ. ಹರಟೆಯು ಎರಡೆಣಿಕೆಯ ತ್ವರಿತ ಲಯದಲ್ಲಿಯೂ, ಪ್ರೇಮಗೀತವು ಮೂರೆಣಿಕೆಯ ನೃತ್ಯಲಯದಲ್ಲಿಯೂ ಏಕಕಾಲದಲ್ಲಿ ಸಾಗಿ ಒಂದಾಗುತ್ತವೆ. ಇದು ಮಾತಿನಿಂದ ಆಗುವ ಕೆಲಸವಲ್ಲ. ಅದೇ ನಾಟಕದಲ್ಲಿ ಕಡಲ್ಗಳ್ಳರೇ ಮೊದಲಾದವರೆಲ್ಲರೂ ವಾದ್ಯಗಳನ್ನು ನಿಲ್ಲಿಸಿ, ಕ್ರೈಸ್ತ ದೇವಾಲಯದ ಗಾಂಭೀರ್ಯದಿಂದ ಕಾವ್ಯಕಲೆಯನ್ನು ಸ್ತುತಿಸುತ್ತಾರೆ. ಸಂಗೀತವೂ ಇಲ್ಲಿ ನಗುತ್ತಿದ್ದರೆ ನಗೆಯು ಕೆಡುತ್ತಿದ್ದಿತು. ಅದು ಗಂಭೀರವಾಗಿರುವುದರಿಂದಲೇ ಸಂದರ್ಭವು ಹಾಸ್ಯಾಸ್ಪದವಾಗುತ್ತದೆ. ಲೈಪ್‌ಜಿಗ್‌ನ ವಿದ್ಯೆ ವ್ಯರ್ಥವಾಗಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಸಲಿವನ್ನನಿಗೇ ಈ ಸಮಾಧಾನವಿರಲಿಲ್ಲವೆಂಬುದು ವಿಷಾದದ ಸಂಗತಿ. ಮಂತ್ರಮಾಯೆಗಳ ಕಥೆ ಸಾಕು, ಮಾನವಹೃದಯದ ಕಥೆ ಬೇಕೆಂದು ಆತನು 1884ರಲ್ಲಿ ಗಿಲ್ಬರ್ಟನೊಡನೆ ವಾದಿಸಿದನು. ವಿದೂಷಕನ ಭಗ್ನಹೃದಯದಲ್ಲಿ ಮುಗಿಯುವ ‘ದಿ ಯೋಮೆನ್ ಆಫ್ ದಿ ಗಾರ್ಡ್’ (1888) ಆ ಬಯಕೆಯನ್ನು ಕೊಂಚ ತೀರಿಸಿತು. 1891ರಲ್ಲಿ ಕಾರ್ಟನು ಕಟ್ಟಿಸಿದ ಹೊಸ ನಾಟಕಶಾಲೆಯಲ್ಲಿ ಆತನ ಗಂಭೀರ ಗೀತನಾಟಕ ‘ಐವನ್‌ಹೊ’ ನೂರೈವತ್ತಕ್ಕೂ ಹೆಚ್ಚು ಸಲ ನಡೆಯಿತು. ಆದರೆ ಅದರ ಹಿಂದೆ ಆಡತಕ್ಕ ಇಂಗ್ಲಿಷ್ ಕೃತಿಗಳು ಸಿದ್ಧವಿರಲಿಲ್ಲ; ಮರುವರ್ಷ ಆ ಕಟ್ಟಡವು ವಿವಿಧ ವಿನೋದಗಳ ಮಂದಿರವಾಯಿತು. 1900ರಲ್ಲಿ ಸಲಿವನ್ನನು ತೀರಿಕೊಂಡನು. ಯಾವ ಗಾಂಭೀರ್ಯವನ್ನು ಆತನು ‘ಐವನ್‌ಹೊ’ದಲ್ಲಿ ಅರಸಿದನೋ ಅದನ್ನು ಹಾಸ್ಯದ ಒಡಲಲ್ಲಿಯೇ ಆಗಲೇ ಇರಿಸಿಬಿಟ್ಟಿದ್ದನು. ಅಲ್ಲಿ ಅದು ಇಂದಿಗೂ ಬಾಳುತ್ತಿದೆ.