ಹೈಫಾದ ಛಾಯಾಚಿತ್ರ ಮತ್ತು ಹೆಸರಿಲ್ಲದ ರಾವುತರು

1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವು ತುರ್ಕರ ಕೈಯಿಂದ ಜಾರಿತು. ಅದನ್ನು ಗೆದ್ದ ಭಾರತೀಯ ರಾವುತರು ಭರ್ಜಿಗಳನ್ನು ಎತ್ತಿಹಿಡಿದು ಪಟ್ಟಣದ ಬೀದಿಯಲ್ಲಿ ಸಾಗುತ್ತಿರುವ ಛಾಯಾಚಿತ್ರವು ಪ್ರಥಮ ಮಹಾಯುದ್ಧದ ಪ್ರಸಿದ್ಧ ಚಿತ್ರಗಳಲ್ಲೊಂದಾಗಿದೆ. ಕರ್ನಾಟಕದ ಇತಿಹಾಸಕ್ಕೂ ಈ ಚಿತ್ರಕ್ಕೂ ಇರುವ ಸಂಬಂಧವು ಹೊರನಾಡಿನ ವಿದ್ವಾಂಸರ ಗಮನಕ್ಕೆ ಬಂದಿರುವುದು ಕಡಿಮೆ.

ಹೈಫಾದ ಮೇಲೆ ಏರಿಹೋದುದು ಹದಿನೈದನೆಯ ಅಶ್ವದಳ ಬ್ರಿಗೇಡು. ದೇಶೀಯ ಸಂಸ್ಥಾನಗಳ ಪಡೆಗಳಿಂದ ರಚಿತವಾದ ಇದರಲ್ಲಿ ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರುಗಳು ಇದ್ದರು. ಒಂದು ಕಡೆ ಕಾರ್ಮೆಲ್ ಪರ್ವತ, ಇನ್ನೊಂದು ಕಡೆ ಕಿಶೋನ್ ನದಿ. ನಡುವಿನ ಇಕ್ಕಟ್ಟಾದ ದಾರಿಯನ್ನು ಫಿರಂಗಿಗಳೂ ಮೆಷಿನ್‌ಗನ್ನುಗಳೂ ಕಾಯುತ್ತಿದ್ದವು. ಮೈಸೂರಿನ ಒಂದು ತುಕಡಿ ಪರ್ವತದ ಮೇಲಿನ ಫಿರಂಗಿಗಳತ್ತ ನಡೆಯಿತು. ಜೋಧಪುರದವರು ಕೆಳಗಿನಿಂದ ನುಗ್ಗಿದರು. ಮೈಸೂರಿನ ಉಳಿದ ಸವಾರರು ಅವರ ಬೆನ್ನಿಗೆ ಪಟ್ಟಣವನ್ನು ಹೊಕ್ಕರು. ಅಂದು ಸೆರೆಸಿಕ್ಕವರು 1,351 ಮಂದಿ. ವಶವಾದ ಫಿರಂಗಿಗಳು 17.

ಈ ಕಾಳಗದಲ್ಲಿ ಮಡಿದ ಜೋಧಪುರದ ಮೇಜರ್ ದಳಪತ್ ಸಿಂಗರ ಹೆಸರು ಇಂದಿಗೂ ಉಳಿದಿದೆ. ಆದರೆ ಛಾಯಾಚಿತ್ರದಲ್ಲಿ ಕಾಣುವವರು ಮಡಿದವರಲ್ಲ, ಬದುಕಿ ಉಳಿದವರು. ಚಿತ್ರದ ವಾಡಿಕೆಯ ಶೀರ್ಷಿಕೆಯು ಅವರನ್ನು ‘ಭಾರತೀಯ ಲ್ಯಾನ್ಸರುಗಳು’ ಎಂದಷ್ಟೇ ಕರೆಯುತ್ತದೆ. ಮುಖಗಳಿವೆ, ಹೆಸರುಗಳಿಲ್ಲ.

ನಮ್ಮ ವೀರಗಲ್ಲುಗಳ ಪದ್ಧತಿಯು ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಶಿಲ್ಪಿಯು ಬಿಡಿಸುವ ಮುಖವು ಸಾಮಾನ್ಯವಾಗಿ ಒಂದು ಮಾದರಿಯ ಮುಖವೇ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ದೇವಸಾನ್ನಿಧ್ಯ ಎಂಬ ವಿನ್ಯಾಸವೂ ಬಹುಮಟ್ಟಿಗೆ ಸಿದ್ಧವಾದುದೇ. ಆದರೆ ಶಾಸನವಿರುವ ಕಲ್ಲುಗಳಲ್ಲಿ ಸತ್ತವನು ಯಾರು, ಯಾವ ಕಾಳಗದಲ್ಲಿ ಸತ್ತನು ಎಂಬುದು ಸಿಗುತ್ತದೆ. ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನವು ಬೆಂಗಳೂರು ಕಾಳಗವನ್ನು ಹೆಸರಿಸುವುದು ಹೀಗೆ ಮಡಿದವನೊಬ್ಬನ ನೆನಪಿನ ನಿಮಿತ್ತವಾಗಿಯೇ. ಕಲ್ಲು ಹೆಸರನ್ನು ಕಾಯ್ದಿತು, ಮುಖವನ್ನು ಬಿಟ್ಟಿತು. ಕ್ಯಾಮರಾ ಮುಖವನ್ನು ಕಾಯ್ದಿತು, ಹೆಸರನ್ನು ಬಿಟ್ಟಿತು.

ಈ ಎರಡೂ ಪದ್ಧತಿಗಳ ನಡುವೆ ಜಾರಿಹೋದವನು ಯುದ್ಧದಿಂದ ಮರಳಿ ಬಂದ ಯೋಧ. ಮರಳಿದವನಿಗೆ ವೀರಗಲ್ಲಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವು ಮಡಿದವರ ನೆನಪಿನದು. ದೆಹಲಿಯ ತೀನ್‌ಮೂರ್ತಿಯು ಮೂರು ಸಂಸ್ಥಾನಗಳನ್ನು ಪ್ರತಿನಿಧಿಸುತ್ತದೆಯೇ ಹೊರತು ಮೂವರು ವ್ಯಕ್ತಿಗಳನ್ನಲ್ಲ; 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರು ಸೇರಿದಾಗಲೂ ಸೇರಿದುದು ಊರಿನ ಹೆಸರು. ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ 1953ರಲ್ಲಿ ರಚಿಸಿದ 61ನೆಯ ಅಶ್ವದಳವು ಸೆಪ್ಟೆಂಬರ್ 23ನ್ನು ಹೈಫಾ ದಿನವಾಗಿ ಆಚರಿಸುತ್ತದೆ. ಹೀಗೆ ದಿನ, ಸ್ಥಳ, ದಳ ಮೂರೂ ಸ್ಮರಣೆಯಲ್ಲಿವೆ, ಸವಾರನೊಬ್ಬನೇ ಇಲ್ಲ.

ಈ ಕೊರತೆಯನ್ನು ತುಂಬಲು ಚಿತ್ರವನ್ನು ಇನ್ನಷ್ಟು ದಿಟ್ಟಿಸಿ ಫಲವಿಲ್ಲ. ಅದರಲ್ಲಿ ಇರುವವರು ಮೈಸೂರಿನವರೇ, ಜೋಧಪುರದವರೇ ಎಂದು ವಾದಿಸುವುದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಅರಸಬೇಕಾದುದು ವೇತನಪಟ್ಟಿ, ಪದಕಪಟ್ಟಿ, ನಿವೃತ್ತಿವೇತನದ ಅರ್ಜಿ ಇಂಥ ಒಣ ಕಾಗದಗಳನ್ನು. ಜೊತೆಗೆ ಮನೆತನಗಳಲ್ಲಿ ಉಳಿದಿರಬಹುದಾದ ಮಾತನ್ನು. ವೀರಗಲ್ಲಿನ ಶಾಸನವನ್ನು ಅಕ್ಷರ ಅಕ್ಷರವಾಗಿ ಓದಿದ ನಮ್ಮ ವಿದ್ವತ್ತು ಅದೇ ತಾಳ್ಮೆಯನ್ನು ಈ ಕಾಗದಗಳಿಗೂ ಸಲ್ಲಿಸಿದರೆ, ಹೈಫಾದಿಂದ ಮರಳಿದ ಕೆಲವರಾದರೂ ತಮ್ಮ ಹೆಸರುಗಳೊಡನೆ ಇತಿಹಾಸವನ್ನು ಸೇರಿಯಾರು.