ಕಳ್ಳು, ಕಾನೂನು ಮತ್ತು ನಾವು

ಹೆಂಡದ ವಿಷಯ ಬಂದಾಗ ಸರ್ಕಾರಕ್ಕೆ ಎರಡೇ ಕೆಲಸ ಗೊತ್ತು. ಒಂದೋ ಮಾರುವುದು, ಇಲ್ಲಾ ನಿಷೇಧ ಮಾಡುವುದು. ಮಾರುವಾಗ ನಮ್ಮವರ ಕೂಲಿ ದುಡ್ಡು ಖಜಾನೆಗೆ ಹೋಗುತ್ತದೆ. ನಿಷೇಧ ಮಾಡಿದಾಗ ನಮ್ಮವರೇ ಠಾಣೆಗೆ ಹೋಗುತ್ತಾರೆ. ಮಾರಿದವನೂ ಕಾನೂನು ಮಾಡಿದವನೂ ಎರಡೂ ಕಾಲದಲ್ಲಿ ಆರಾಮವಾಗಿಯೇ ಇರುತ್ತಾರೆ. ಇದು ಯಾಕೆ ಹೀಗೆ ಅಂತ ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ. ನಮ್ಮ ಮನೆಗಳಲ್ಲಿ ಮೊದಲ ಸಲ ಪದವಿ ಪಡೆದ ನಾವು ಈಗ ನಾವೇ ಓದಿಕೊಂಡು ಕೇಳಬೇಕಾಗಿದೆ: ಒಬ್ಬನ ಗಂಟಲಿನೊಳಗೆ ಏನು ಇಳಿಯಬೇಕು ಅಂತ ತೀರ್ಮಾನಿಸುವ ಹಕ್ಕು ಯಾರದು?

ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ಸವಣೂರಿನಿಂದ ಬೆಳ್ಳಾರೆ ದೂರವೇನಲ್ಲ. 1837ರ ಮಾರ್ಚ್ ಕೊನೆಯಲ್ಲಿ ಆ ಬೆಳ್ಳಾರೆಯಲ್ಲಿದ್ದ ಕಂಪನಿ ಸರ್ಕಾರದ ಖಜಾನೆಯನ್ನು ಬಂಡೆದ್ದ ರೈತರು ಹಿಡಿದರು. ಅಲ್ಲಿಂದ ಪುತ್ತೂರು ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ತಲುಪಿದರು. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ‘ಕಲ್ಯಾಣಪ್ಪನ ಕಾಟಕಾಯಿ’ ಅಂತ ಗೇಲಿ ಮಾಡಲಾದ ಆ ಅಮರಸುಳ್ಯದ ದಂಗೆಯಲ್ಲಿ ಜನರಿಗೆ ಕೊಟ್ಟ ಭರವಸೆಗಳಲ್ಲಿ ಒಂದು, ತಂಬಾಕಿನ ಮೇಲಿನ ತೆರಿಗೆ ರದ್ದು. ತಂಬಾಕು ಯಾಕೆ? ಮಲಬಾರ್ ಮತ್ತು ಕೆನರಾದಲ್ಲಿ ತಂಬಾಕಿನ ವ್ಯಾಪಾರವನ್ನು ಕಂಪನಿ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿತ್ತು. ಬೇರೆಯವರು ತಂದು ಮಾರಿದರೆ ಅದು ಕಳ್ಳ ಸಾಗಣೆ. ಗದ್ದೆಯ ಕೆಸರಲ್ಲಿ ನಿಂತವನ ಬಾಯಿಯ ಎಲೆ–ಹೊಗೆಸೊಪ್ಪಿನಿಂದಲೂ ಕಂಪನಿ ದುಡ್ಡು ಹಿಂಡುತ್ತಿತ್ತು. ದಂಗೆ ಅಡಗಿತು, ನಾಯಕರನ್ನು ಗಲ್ಲಿಗೇರಿಸಿದರು. ಆ ನಾಯಕರ ಹೆಸರು ಈಗ ಪುಸ್ತಕದಲ್ಲಿ ಉಂಟು. ಅವರ ಹೊರೆ ಹೊತ್ತ, ಗುತ್ತಿನ ಮನೆಗಳ ಮೂಲದಾಳುಗಳ ಹೆಸರು ಇಲ್ಲ. ಆದರೂ ಒಂದು ಮಾತು ಖಾತ್ರಿಯಾಗುತ್ತದೆ. ಅಮಲಿನ ಪದಾರ್ಥದ ಮೇಲೆ ಸರ್ಕಾರ ಕೈಯಿಟ್ಟದ್ದು ಜನರ ಆರೋಗ್ಯಕ್ಕಾಗಿ ಅಲ್ಲ, ಲಾಭಕ್ಕಾಗಿ.

ತಂಬಾಕಿನ ಆಮೇಲೆ ಕಳ್ಳಿನ ಸರದಿ. 1886ರ ಮದರಾಸು ಅಬ್ಕಾರಿ ಕಾಯ್ದೆ ಬಂದ ಮೇಲೆ ಮೂರ್ತೆದಾರ ಮರಕ್ಕಿಷ್ಟು ಅಂತ ಕಂದಾಯ ಕಟ್ಟಬೇಕಾಯಿತು. ಗಡಂಗುಗಳು ಹರಾಜಾದವು. ಗುತ್ತಿಗೆದಾರ ಎಂಬ ಹೊಸ ದೊರೆ ಹುಟ್ಟಿದ. ತುಳುನಾಡಿನಲ್ಲಿ ಕಳ್ಳು ಬರೀ ಅಮಲು ಅಲ್ಲ. ಅದು ಬಿಲ್ಲವರ ಹೊಟ್ಟೆಪಾಡು. ಕ್ರೈಸ್ತರ ಮನೆಯ ಸನ್ನಾ ಉಬ್ಬುವುದು ಅದರಿಂದ. ಕೊರಗಜ್ಜನಿಗೆ ಇಡುವ ಎಡೆಯಲ್ಲಿ ವೀಳ್ಯದ ಜೊತೆ ಅದು ಇರಲೇಬೇಕು. ಇಷ್ಟು ಮನೆಗಳ ಅನ್ನ, ಇಷ್ಟು ದೈವಗಳ ಎಡೆ, ಎಲ್ಲವೂ ಒಂದು ಕಾಗದದ ಪರವಾನಗಿಗೆ ಬಂದು ನಿಂತಿತು.

ಇದೇ ಕಾಲದಲ್ಲಿ ಇನ್ನೊಂದು ದನಿಯೂ ಎದ್ದಿತು. ನಾರಾಯಣ ಗುರುಗಳು ಮದ್ಯವನ್ನು ವಿಷವೆಂದರು. ಮಾಡಬೇಡಿ, ಮಾರಬೇಡಿ, ಕುಡಿಯಬೇಡಿ ಅಂದರು. ಕಳ್ಳು ಇಳಿಸುವುದೇ ಕುಲಕಸುಬು ಅಂತ ಯಾರನ್ನು ಮರಕ್ಕೆ ಕಟ್ಟಿಹಾಕಿದ್ದರೋ ಅವರಿಗೇ ಹೇಳಿದರು. ಹೇಳಿದವರ ಕೈಯಲ್ಲಿ ಲಾಠಿ ಇರಲಿಲ್ಲ. ಬರೀ ಬಿಡಿ ಅಂತ ಹೇಳಿ ಅವರು ಸುಮ್ಮನಾಗಲಿಲ್ಲ. ಓದಿ, ಸಂಘ ಕಟ್ಟಿ, ನಿಮ್ಮದೇ ಗುಡಿ ಕಟ್ಟಿಕೊಳ್ಳಿ ಅಂದರು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗುಡಿ ಎದ್ದಿತು. ಬಿಡು ಅಂತ ಹೇಳುವವನು ಬದಲಿಗೆ ಹಿಡಿದುಕೊಳ್ಳಲು ಏನಾದರೂ ಕೊಡಬೇಕು ಅನ್ನುವ ತಿಳಿವಳಿಕೆ ಆ ಚಳವಳಿಗೆ ಇತ್ತು. ಮುಂದೆ ಬಂದ ಸರ್ಕಾರಗಳಿಗೆ ಅದೇ ಇರಲಿಲ್ಲ.

1937ರಲ್ಲಿ ರಾಜಾಜಿ ಮದರಾಸಿನ ಮುಖ್ಯಸ್ಥರಾದಾಗ ಪಾನನಿರೋಧ ಕಾಯ್ದೆ ತಂದರು. ಅಕ್ಟೋಬರ್ 1ರಿಂದ ಸೇಲಂ ಜಿಲ್ಲೆಯಲ್ಲಿ ಶುರು. ಹೋದ ಆದಾಯ ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ಬಂತು. ಯುದ್ಧದ ಕಾಲದಲ್ಲಿ ನಿಷೇಧ ನಿಂತಿತು. ಸ್ವಾತಂತ್ರ್ಯದ ಹೊತ್ತಿಗೆ ಮತ್ತೆ ಬಂದು 1948ರ ಅಕ್ಟೋಬರ್ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. ಆಗ ನಮ್ಮ ಜಿಲ್ಲೆ ಮದರಾಸಿಗೆ ಸೇರಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷವೇ ಮೂರ್ತೆದಾರನ ಕತ್ತಿ ಅಪರಾಧದ ಆಯುಧವಾಯಿತು. ಕುಡಿಯುವವರು ನಿಂತರಾ? ಗೇರುಹಣ್ಣಿನ ಕಾಲದಲ್ಲಿ ಪುತ್ತೂರು–ಸುಳ್ಯದ ಗುಡ್ಡಗಳ ಪರಿಚಯ ಇರುವ ಯಾರನ್ನಾದರೂ ಕೇಳಿ. ಮರದ ಮೇಲಿದ್ದ ಕಳ್ಳು ಕಾಡಿನೊಳಗಿನ ಭಟ್ಟಿಯಾಯಿತು ಅಷ್ಟೇ.

ಆ ಹೊತ್ತಿಗೆ ದೆಹಲಿಯಲ್ಲಿ ಸಂವಿಧಾನ ಸಭೆ ಕೂತಿತ್ತು. 1948ರ ನವೆಂಬರಿನಲ್ಲಿ ಪಾನನಿರೋಧವನ್ನು ರಾಜ್ಯನೀತಿಯ ನಿರ್ದೇಶಕ ತತ್ವಗಳಿಗೆ ಸೇರಿಸಬೇಕೆಂಬ ತಿದ್ದುಪಡಿ ಬಂತು. ಆದಿವಾಸಿಗಳ ಪ್ರತಿನಿಧಿ ಜೈಪಾಲ್ ಸಿಂಗ್ ಎದ್ದು ನಿಂತು ವಿರೋಧಿಸಿದರು. ಅಕ್ಕಿಯ ಹೆಂಡವಿಲ್ಲದೆ ನಮ್ಮ ಪೂಜೆಯೇ ನಡೆಯುವುದಿಲ್ಲ ಎಂಬುದು ಅವರ ವಾದ. ಸಭೆ ಕೇಳಿತು, ಆದರೂ ತಿದ್ದುಪಡಿ ಸೇರಿತು. ಅದೇ ಇವತ್ತಿನ 47ನೇ ವಿಧಿ. ಬಾಬಾಸಾಹೇಬರು ಆ ದಿನ ತಿದ್ದುಪಡಿಯನ್ನು ಒಪ್ಪಿಕೊಂಡರು. ನಿರ್ದೇಶಕ ತತ್ವ ಯಾವ ಸರ್ಕಾರವನ್ನೂ ಇವತ್ತೇ ಮಾಡು ಅಂತ ಕಟ್ಟಿಹಾಕುವುದಿಲ್ಲ ಎಂಬುದು ಅವರ ಸಮಾಧಾನ. ಆದರೆ 1951ರಲ್ಲಿ ಅವರ ಶೆಡ್ಯೂಲ್ಡ್ ಕ್ಯಾಸ್ಟ್ಸ್ ಫೆಡರೇಶನ್ ಹೊರಡಿಸಿದ ಚುನಾವಣಾ ಪ್ರಣಾಳಿಕೆ ಪಾನನಿರೋಧವನ್ನು ನೇರವಾಗಿ ವಿರೋಧಿಸಿತು. ಸರ್ಕಾರದ ಆದಾಯ ಹೋಗುತ್ತದೆ, ಕಳ್ಳಭಟ್ಟಿ ಮನೆಮನೆಗೆ ಬರುತ್ತದೆ ಎಂಬುದು ಅದರ ವಾದ. ಕುಡಿತವನ್ನು ಹೊಗಳಿ ಆಡಿದ ಮಾತಲ್ಲ ಅದು. ಜನರ ವಿದ್ಯೆಗೆ, ಏಳಿಗೆಗೆ ದುಡ್ಡು ಎಲ್ಲಿಂದ ತರುತ್ತೀರಿ ಅಂತ ಲೆಕ್ಕ ಕೇಳಿದ ಮಾತು.

ಅದೇ 1951ರಲ್ಲಿ ಬೊಂಬಾಯಿಯ ಪಾನನಿರೋಧ ಕಾಯ್ದೆ ಸುಪ್ರೀಂ ಕೋರ್ಟಿಗೆ ಬಂತು. ಬಾಲ್ಸಾರಾ ಎಂಬವರು ವಿಸ್ಕಿ, ಬ್ರಾಂದಿಯ ಜೊತೆಗೆ ಆಲ್ಕೋಹಾಲು ಇರುವ ಔಷಧ, ಸುಗಂಧದ್ರವ್ಯಗಳ ಹಕ್ಕನ್ನೂ ಕೇಳಿದ್ದರು. ಔಷಧ ಮತ್ತು ಸುಗಂಧದ್ರವ್ಯಕ್ಕೆ ಹಾಕಿದ ತಡೆ ತಪ್ಪು ಎಂದ ಕೋರ್ಟು ಹೆಂಡದ ನಿಷೇಧವನ್ನು ಎತ್ತಿಹಿಡಿಯಿತು. ಸೈನ್ಯದ ಮೆಸ್ಸಿಗೆ, ವಿದೇಶಿಯರಿಗೆ ಕೊಟ್ಟ ವಿನಾಯಿತಿಯೂ ಉಳಿಯಿತು. ಅಂದರೆ ಸೆಂಟಿನ ಬಾಟ್ಲಿಗೆ ಸ್ವಾತಂತ್ರ್ಯ ಸಿಕ್ಕಿತು, ಆಫೀಸರರ ಗ್ಲಾಸಿಗೂ ಸಿಕ್ಕಿತು. ಕೂಲಿಯವನ ಚಿಪ್ಪಿಗೆ ಸಿಗಲಿಲ್ಲ. ಮುಂದೆ 1994ರಲ್ಲಿ ಕರ್ನಾಟಕದ್ದೇ ಖೋಡೆ ಡಿಸ್ಟಿಲರೀಸ್ ಮೊಕದ್ದಮೆಯಲ್ಲಿ ಅದೇ ಕೋರ್ಟು, ಹೆಂಡ ಮಾರುವುದು ಯಾರ ಮೂಲಭೂತ ಹಕ್ಕೂ ಅಲ್ಲ ಅಂತ ಸ್ಪಷ್ಟ ಮಾಡಿತು. ಈ ಮಾತಿಗೆ ನಮ್ಮ ತಕರಾರಿಲ್ಲ. ಆದರೆ ಮಾರುವವನ ಲಾಭ ಬೇರೆ, ಕುಡಿಯುವವನ ಮೈ ಬೇರೆ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು.

ಮೈ ಯಾರದು ಎಂಬ ಈ ಪ್ರಶ್ನೆಯನ್ನು ಅಮೆರಿಕದ ಕೋರ್ಟುಗಳು ನೂರು ವರ್ಷದಿಂದ ಜಗ್ಗಾಡುತ್ತಿವೆ. ವ್ಯಕ್ತಿಸ್ವಾತಂತ್ರ್ಯವೇ ತಮ್ಮ ದೇವರು ಅನ್ನುವ ದೇಶ ಅದು. ಅಲ್ಲೇನಾಯಿತು ಅಂತ ನೋಡುವ.

1920ರಲ್ಲಿ ಅಲ್ಲಿ ಹೆಂಡದ ನಿಷೇಧ ಜಾರಿಗೆ ಬಂತು. ಅದಕ್ಕಾಗಿ ಸಂವಿಧಾನಕ್ಕೇ 18ನೇ ತಿದ್ದುಪಡಿ ಮಾಡಬೇಕಾಯಿತು. ಅದರಲ್ಲೂ ಮಾಡುವುದು, ಮಾರುವುದು, ಸಾಗಿಸುವುದು ಅಪರಾಧವಾಯಿತೇ ಹೊರತು ಕುಡಿಯುವುದಲ್ಲ. ಇಗರ್ಜಿಯ ಪೂಜೆಯ ದ್ರಾಕ್ಷಾರಸಕ್ಕೆ ವಿನಾಯಿತಿಯಿತ್ತು. ಕಳ್ಳ ವ್ಯಾಪಾರ, ಗೂಂಡಾಗಿರಿ ಬೆಳೆದು 1933ರಲ್ಲಿ ಇನ್ನೊಂದು ತಿದ್ದುಪಡಿಯಿಂದ ಅದನ್ನು ತೆಗೆದುಹಾಕಿದರು. ಆದರೆ ಗಾಂಜಾ, ಅಫೀಮಿನ ವಿಷಯದಲ್ಲಿ ಇಷ್ಟು ಮುಜುಗರ ಕಾಣುವುದಿಲ್ಲ. 1875ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರ ಅಫೀಮಿನ ಅಡ್ಡೆಗಳನ್ನು ಮುಚ್ಚಿಸಿತು. ಆ ಕಾನೂನಿನ ಬೆನ್ನಿಗಿದ್ದದ್ದು ಚೀನೀ ಕೂಲಿಗಳ ಮೇಲಿನ ದ್ವೇಷ. ಬಿಳಿಯರ ಮನೆಯ ಔಷಧದ ಸೀಸೆಯಲ್ಲಿದ್ದ ಅಫೀಮು ಆಗ ಯಾರಿಗೂ ಕಾಣಲಿಲ್ಲ. 1970ರಲ್ಲಿ ಸಂವಿಧಾನ ಮುಟ್ಟದೆ, ಒಂದು ಸಾಮಾನ್ಯ ಕಾಯ್ದೆಯಿಂದ ಇಡೀ ದೇಶಕ್ಕೆ ಮಾದಕ ವಸ್ತು ನಿಷೇಧ ಬಂತು. ಹಿತ್ತಿಲಲ್ಲಿ ತನ್ನ ಔಷಧಕ್ಕೆಂದೇ ಬೆಳೆದ ಗಾಂಜಾ ಗಿಡವನ್ನೂ ಕೇಂದ್ರ ಸರ್ಕಾರ ನಿಷೇಧಿಸಬಹುದು ಅಂತ 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು.

ಬೇರೆ ದನಿಗಳೂ ಅಲ್ಲಿ ಎದ್ದಿವೆ. ಚಟ ಎಂಬುದು ಕಾಯಿಲೆ, ಚಟಗಾರ ಎಂಬ ಒಂದೇ ಕಾರಣಕ್ಕೆ ಒಬ್ಬನನ್ನು ಶಿಕ್ಷಿಸುವಂತಿಲ್ಲ ಅಂತ 1962ರ ರಾಬಿನ್ಸನ್ ಮೊಕದ್ದಮೆಯಲ್ಲಿ ತೀರ್ಪು ಬಂತು. ತನ್ನ ಮನೆಯೊಳಗೆ ತಾನು ಸೇದುವ ಗಾಂಜಾ ಅವನ ಖಾಸಗಿ ಬದುಕಿಗೆ ಸೇರಿದ್ದು ಅಂತ 1975ರಲ್ಲಿ ಅಲಾಸ್ಕಾ ರಾಜ್ಯದ ಸುಪ್ರೀಂ ಕೋರ್ಟು ಹೇಳಿತು. ಆದರೆ 1990ರ ಒಂದು ತೀರ್ಪು ನೋಡಿ. ಪೆಯೋಟಿ ಎಂಬ ಕಳ್ಳಿಗಿಡವನ್ನು ತಮ್ಮ ಪ್ರಾರ್ಥನೆಯಲ್ಲಿ ಪ್ರಸಾದದಂತೆ ತಿನ್ನುವ ಅಲ್ಲಿನ ಮೂಲನಿವಾಸಿಗಳ ಚರ್ಚಿನ ಇಬ್ಬರು ಸದಸ್ಯರು ಅದಕ್ಕಾಗಿ ಕೆಲಸ ಕಳೆದುಕೊಂಡರು. ಕಾನೂನು ಎಲ್ಲರಿಗೂ ಒಂದೇ ಅಂತ ಕೋರ್ಟು ಅವರ ಕೈಬಿಟ್ಟಿತು. ಬಿಳಿಯರ ಇಗರ್ಜಿಯ ವೈನಿಗೆ 1920ರಲ್ಲಿ ಸಿಕ್ಕ ರಿಯಾಯಿತಿ ಇವರ ದೇವರಿಗೆ ಸಿಗಬೇಕಾದರೆ 1994ರಲ್ಲಿ ಬೇರೆ ಕಾಯ್ದೆಯೇ ಬರಬೇಕಾಯಿತು. ಜೈಪಾಲ್ ಸಿಂಗ್ ಸಂವಿಧಾನ ಸಭೆಯಲ್ಲಿ ಕೇಳಿದ್ದು ಇದನ್ನೇ ಅಲ್ವಾ?

ಇನ್ನೂ ಘೋರವಾದದ್ದು 1986ರ ಕಾಯ್ದೆ. ಕೊಕೇನಿನ ಪುಡಿ 500 ಗ್ರಾಂ ಇದ್ದರೆ ಕನಿಷ್ಠ ಐದು ವರ್ಷ ಜೈಲು. ಅದೇ ಕೊಕೇನನ್ನು ಬೇಯಿಸಿ ಮಾಡಿದ ‘ಕ್ರ್ಯಾಕ್’ ಆದರೆ ಬರೀ 5 ಗ್ರಾಮಿಗೆ ಅಷ್ಟೇ ಶಿಕ್ಷೆ. ಪುಡಿ ಹಣವಂತರ ಅಮಲು, ಕ್ರ್ಯಾಕ್ ಬಡ ಕರಿಯರ ಕೇರಿಯ ಅಮಲು. ಒಂದಕ್ಕೆ ನೂರು! 2010ರಲ್ಲಿ ಅದನ್ನು ಒಂದಕ್ಕೆ ಹದಿನೆಂಟಕ್ಕೆ ಇಳಿಸಿದರು. ಇಳಿಸಿದರು, ಅಳಿಸಲಿಲ್ಲ. ಕಾನೂನಿನ ತಕ್ಕಡಿ ಪದಾರ್ಥವನ್ನು ತೂಗುವುದಿಲ್ಲ, ಹಿಡಿದ ಕೈಯನ್ನು ತೂಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಮ್ಮ ದೇಶದಲ್ಲೂ ಹೀಗೇ. ಗಾಂಜಾವನ್ನು ವಿಚಾರಿಸಲು ಬ್ರಿಟಿಷರು ನೇಮಿಸಿದ ಆಯೋಗ 1894ರಲ್ಲಿ, ಮಿತವಾದ ಬಳಕೆಯಿಂದ ದೊಡ್ಡ ಹಾನಿಯಿಲ್ಲ, ನಿಷೇಧ ಬೇಡ ಎಂದಿತ್ತು. 1985ರ ಮಾದಕ ವಸ್ತು ಕಾಯ್ದೆ ಗಾಂಜಾದ ಹೂವನ್ನೂ ಅಂಟನ್ನೂ ಅಪರಾಧ ಮಾಡಿತು, ಎಲೆಯನ್ನು ಬಿಟ್ಟಿತು. ಎಲೆಯಿಂದ ಆಗುವ ಭಂಗಿ ಶಿವರಾತ್ರಿಗೆ, ಹೋಳಿಗೆ ಬೇಕಲ್ಲ! ಒಂದೇ ಗಿಡ, ಒಂದು ಕೊಂಬೆ ಪ್ರಸಾದ, ಇನ್ನೊಂದು ಕೊಂಬೆ ಜೈಲು.

ಈಗ ನಮ್ಮ ರಾಜ್ಯಕ್ಕೆ ಬರುವ. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1967ರಲ್ಲಿ ರಾಜ್ಯದ ಪಾನನಿರೋಧ ಹೋಯಿತು. ಸಾರಾಯಿ ಗುತ್ತಿಗೆದಾರರು ಮಂತ್ರಿಗಳನ್ನು ಸಾಕುವಷ್ಟು ಬೆಳೆದರು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷದ ಹೆಂಡ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಕ್ಲಬ್ಬಿನಲ್ಲಿ ಕೂತು ಕುಡಿಯುವವರು ಇರಲಿಲ್ಲ. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಊರೂರಿನಲ್ಲಿ ಒಂದು ಕೂಗು ಎತ್ತಿತು: ಹೆಂಡ ಬೇಡ, ಹೋಬಳಿಗೊಂದು ವಸತಿ ಶಾಲೆ ಬೇಕು. ಈ ಕೂಗಿನ ಎರಡು ತುಂಡುಗಳನ್ನು ಬಿಡಿಸಿ ನೋಡಬಾರದು. ಸರ್ಕಾರಗಳು ಮಾಡಿದ್ದು ಅದನ್ನೇ. ಮೊದಲ ತುಂಡು ಕೇಳಿಸಿಕೊಂಡು ಎರಡನೆಯದಕ್ಕೆ ಕಿವುಡಾದವು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಹೆಂಗಸರು ಕೇಳಿದ್ದ ಬೇಡಿಕೆ ಅದು. ಆದರೆ ಬ್ರಾಂದಿ, ವಿಸ್ಕಿ ಅಂಗಡಿಗೆ ಬೀಗ ಬೀಳಲಿಲ್ಲ. ಬಡವನ ಅಗ್ಗದ ಹೆಂಡ ಹೋಯಿತು, ಅವನು ಅದೇ ಕೂಲಿಯಲ್ಲಿ ಹೆಚ್ಚು ದುಡ್ಡಿನ ಪ್ಯಾಕೆಟ್ಟು ಕೊಳ್ಳುವವನಾದ. ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಸುತ್ತ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು.

ಹಾಗಾದ್ರೆ ಕುಡಿಯೋದು ಅವನವನ ಸ್ವಾತಂತ್ರ್ಯ, ಬಿಡಿ ಅಂತ ನಾವು ಹೇಳುತ್ತಿದ್ದೇವಾ? ಇಲ್ಲ ಮಾರಾಯ್ರೆ. ನಮ್ಮ ಕಾಲೊನಿಗಳಲ್ಲಿ ಹೆಂಡ ಸುಟ್ಟ ಮನೆಗಳು ಎಷ್ಟು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಮಿಲ್ 1859ರಲ್ಲಿ ಬರೆದ, ತನ್ನ ಮೈ–ಮನಸ್ಸಿಗೆ ಮನುಷ್ಯ ತಾನೇ ದೊರೆ, ಇನ್ನೊಬ್ಬರಿಗೆ ಕೇಡಾದಾಗ ಮಾತ್ರ ಸರ್ಕಾರ ಕೈಹಾಕಬೇಕು ಅಂತ. ಒಳ್ಳೆಯ ಮಾತು. ಆದರೆ ಗಂಡ ಕುಡಿದು ಬಂದಾಗ ಬೀಡಿ ಕಟ್ಟಿದ ದುಡ್ಡು ಕಸಿದುಕೊಳ್ಳಲ್ಪಟ್ಟವಳ ಮೈಗೆ ಯಾರು ದೊರೆ? ಅವಳ ಸ್ವಾತಂತ್ರ್ಯವನ್ನು ಮೊದಲು ಲೆಕ್ಕಕ್ಕೆ ಹಿಡಿಯಬೇಕು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದವರು ಅಕ್ಷರ ಕಲಿಯಲು ಕೂತಿದ್ದ ಕೂಲಿ ಹೆಂಗಸರು. ಅವರು ಪೊಲೀಸರಿಗೆ ಕಾಯಲಿಲ್ಲ. ಅವರ ಸಿಟ್ಟು ಹರಾಜುದಾರನ ಮೇಲೆ ಇತ್ತು. ಆಮೇಲೆ ಸರ್ಕಾರ 1995ರಲ್ಲಿ ಪೂರ್ಣ ನಿಷೇಧ ತಂದು, 1997ರಲ್ಲಿ ಆದಾಯದ ನೆಪ ಹೇಳಿ ಹಿಂದೆಗೆಯಿತು. ಹೋರಾಟ ಹೆಂಗಸರದ್ದು, ಕಾನೂನು ಸರ್ಕಾರದ್ದು. ಎರಡನೆಯದು ಮೊದಲನೆಯದನ್ನು ನುಂಗಿತು.

ಯಾವ ರಸ್ತೆಯಲ್ಲಿ ನಡೆಯಬೇಕು, ಯಾವ ಬಾವಿಯ ನೀರು ಮುಟ್ಟಬೇಕು, ತಟ್ಟೆಯಲ್ಲಿ ಏನಿರಬೇಕು ಅಂತ ತಲೆಮಾರುಗಳಿಂದ ಬೇರೆಯವರಿಂದ ಹೇಳಿಸಿಕೊಂಡ ಜನ ನಾವು. ನಮ್ಮ ಮೈ ನಮ್ಮದು ಅಂತ ಹೇಳುವುದನ್ನೇ ಈಗ ಕಲಿಯುತ್ತಿದ್ದೇವೆ. ಅದಕ್ಕೇ ಆ ಮೈಯನ್ನು ಗುತ್ತಿಗೆದಾರನಿಗೂ ಒಪ್ಪಿಸುವುದಿಲ್ಲ, ಲಾಠಿಗೂ ಒಪ್ಪಿಸುವುದಿಲ್ಲ. ಹೆಂಡದಿಂದ ಲಾಭ ಮಾಡುವವನನ್ನು ಕಾನೂನು ಹಿಡಿಯಲಿ, ಅವನ ವ್ಯಾಪಾರಕ್ಕೆ ಹಕ್ಕಿಲ್ಲ. ಚಟಕ್ಕೆ ಬಿದ್ದವನಿಗೆ ತಾಲೂಕು ಆಸ್ಪತ್ರೆಯಲ್ಲಿ ಮಂಚ ಬೇಕು, ಲಾಕಪ್ಪು ಅಲ್ಲ. ಕೇರಿಯ ಹೆಂಗಸರು ಬೇಡವೆಂದ ಜಾಗದಲ್ಲಿ ಅಂಗಡಿ ತೆರೆಯಬಾರದು. ಮೂರ್ತೆಯ ಮರ ಬಿಟ್ಟು ಬರುವವನಿಗೆ ಎರಡೆಕರೆ ಭೂಮಿ ಕೊಡಿ. ಹೆಂಡದಿಂದ ಇದುವರೆಗೆ ಖಜಾನೆ ಎಣಿಸಿಕೊಂಡ ದುಡ್ಡು ನಮ್ಮ ಮಕ್ಕಳ ಹಾಸ್ಟೆಲ್ಲಿಗೆ, ಶಾಲೆಗೆ ಬರಲಿ. ಹೋಬಳಿಗೊಂದು ವಸತಿ ಶಾಲೆ ಎಂಬ ಆ ಹಳೆಯ ಕೂಗನ್ನು, ಗೆಳೆಯರೇ, ಕಡಬದಲ್ಲಿ, ಸುಳ್ಯದಲ್ಲಿ, ಪುತ್ತೂರಿನಲ್ಲಿ ಮತ್ತೆ ಎತ್ತಬೇಕು. ಈ ಸಲ ಎರಡನೇ ತುಂಡನ್ನು ಮೊದಲು ಕೂಗುವ.