ವಿಟ್ನಿಯ ರಸ್ತೆ, ಹೇಗೇಟಿನ ಲೆಕ್ಕ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ವಿಟ್ನಿ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿ ವಿಂಡ್ರಶ್ ಹೊಳೆ ದಾಟುವ ಜಾಗದಲ್ಲಿ ವಾಹನಗಳು ಸಿಕ್ಕಿಕೊಳ್ಳುತ್ತಿದ್ದವು. ಹೊಸ ರಸ್ತೆ ಬೇಕಿತ್ತು, ಕೌಂಟಿ ಕೌನ್ಸಿಲ್ ಬಳಿ ದುಡ್ಡಿರಲಿಲ್ಲ. ಅದೇ ಹೊತ್ತಿಗೆ ಅಲ್ಲಿ ಸೂಪರ್‌ಮಾರ್ಕೆಟ್ ಕಟ್ಟಲು ಕಂಪನಿಗಳು ಪೈಪೋಟಿಗೆ ಇಳಿದವು. ಟೆಸ್ಕೊ ಒಂದು ಹೆಜ್ಜೆ ಮುಂದೆ ಹೋಗಿ, ರಸ್ತೆಯ ಪೂರ್ತಿ ಖರ್ಚು 66 ಲಕ್ಷ ಪೌಂಡನ್ನು ತಾನೇ ಕೊಡುತ್ತೇನೆ ಎಂದಿತು.

ಇದರಲ್ಲಿ ಯಾರ ಜೇಬಿಗೂ ಲಂಚ ಬೀಳುತ್ತಿರಲಿಲ್ಲ. ರಸ್ತೆ ಊರಿಗೇ ಸೇರುತ್ತಿತ್ತು. ವಿಚಾರಣೆ ನಡೆಸಿದ ಅಧಿಕಾರಿ ಟೆಸ್ಕೊ ಪರವಾಗಿಯೇ ಶಿಫಾರಸು ಮಾಡಿದರು. ಆದರೆ ಮಂತ್ರಿ ಒಪ್ಪಲಿಲ್ಲ. ಅಂಗಡಿಯಿಂದ ಹೆಚ್ಚುವ ವಾಹನಗಳು ಅಷ್ಟಿಷ್ಟೇ ಆಗಿರುವಾಗ ಊರಿನ ಇಡೀ ರಸ್ತೆಯನ್ನು ಒಬ್ಬರಿಂದ ಕಟ್ಟಿಸಿಕೊಳ್ಳುವುದು ಸರಿಯಲ್ಲ ಎಂದು ಎದುರಾಳಿಗೆ ಅನುಮತಿ ಕೊಟ್ಟರು. 1995ರಲ್ಲಿ ಹೌಸ್ ಆಫ್ ಲಾರ್ಡ್ಸ್ ಟೆಸ್ಕೊದ ಮೇಲ್ಮನವಿಯನ್ನು ತಳ್ಳಿಹಾಕಿತು. ಕಟ್ಟಡಕ್ಕೆ ಏನೇನೂ ಸಂಬಂಧವಿಲ್ಲದ ಕೊಡುಗೆ ಅನುಮತಿಯನ್ನು ಕೊಳ್ಳುವ ಯತ್ನವೇ ಸರಿ. ಸಂಬಂಧ ಅಲ್ಪವಾಗಿದ್ದರೆ ಅದಕ್ಕೆ ಎಷ್ಟು ತೂಕ ಕೊಡಬೇಕೆಂಬುದು ನಿರ್ಧರಿಸುವವರಿಗೆ ಬಿಟ್ಟದ್ದು ಎಂಬುದು ತೀರ್ಪಿನ ಸಾರ.

ಈ ಚೌಕಾಸಿಯ ಬೇರು 1947ರ ಕಾಯಿದೆಯಲ್ಲಿದೆ. ಅಲ್ಲಿಂದ ಮುಂದೆ ನೆಲದ ಒಡೆಯನಾದರೂ ಕೌನ್ಸಿಲಿನ ಅನುಮತಿಯಿಲ್ಲದೆ ಕಟ್ಟುವಂತಿರಲಿಲ್ಲ. ಅನುಮತಿ ಸಿಕ್ಕ ಕೂಡಲೇ ನೆಲದ ಬೆಲೆ ಏರುತ್ತದೆ. ಆ ಏರಿಕೆಯನ್ನೆಲ್ಲ ಸರ್ಕಾರವೇ ಪಡೆಯುವ ಶುಲ್ಕವೊಂದು ಮೊದಲು ಇತ್ತು. 1950ರ ದಶಕದಲ್ಲಿ ಅದು ರದ್ದಾಯಿತು. ಲಾಭ ಒಡೆಯನಿಗೆ ಉಳಿಯಿತು, ಶಾಲೆ, ಚರಂಡಿ, ರಸ್ತೆಯ ಹೊರೆ ಊರಿಗೆ ಬಿತ್ತು. ಅದರಲ್ಲಿ ಒಂದು ಪಾಲನ್ನಾದರೂ ಮರಳಿ ಪಡೆಯಲು ಕೌನ್ಸಿಲ್‌ಗಳು ಒಪ್ಪಂದದ ದಾರಿ ಹಿಡಿದವು. 1971ರ ಕಾಯಿದೆಯ 52ನೇ ಸೆಕ್ಷನ್, ಆಮೇಲೆ 1990ರ ಕಾಯಿದೆಯ 106ನೇ ಸೆಕ್ಷನ್ ಇದಕ್ಕೆ ಆಧಾರವಾದವು. ಮುಂಬೈಯಲ್ಲಿ ಹೆಚ್ಚುವರಿ ಎಫ್‌ಎಸ್‌ಐಗೆ ಪ್ರೀಮಿಯಂ ಲೆಕ್ಕ ಹಾಕಲು ಸೂತ್ರವಿದೆ. ಈ ಒಪ್ಪಂದಗಳಿಗೆ ಅಂಥ ದರಪಟ್ಟಿ ಇಲ್ಲ, ಮೇಜಿನ ಎರಡೂ ಬದಿ ಕೂತು ಮಾತಾಡಿ ಮುಗಿಸಬೇಕು.

ಹಾಗಾಗಿಯೇ ನಿಯಮಗಳು ಬೇಕಾದವು. ಕಟ್ಟಡಕ್ಕೆ ಅನುಮತಿ ಕೊಡಲು ಆ ಬೇಡಿಕೆ ಅಗತ್ಯವೇ? ಅದಕ್ಕೂ ಕಟ್ಟಡಕ್ಕೂ ನೇರ ಸಂಬಂಧವಿದೆಯೇ? ಕಟ್ಟಡದ ಗಾತ್ರಕ್ಕೆ ತಕ್ಕಷ್ಟಿದೆಯೇ? ಈ ಮೂರು ಪರೀಕ್ಷೆಗಳು 2010ರಲ್ಲಿ ಕಾನೂನಾದವು. ನೂರು ಮನೆ ಕಟ್ಟುವವನಿಂದ ಆ ಮನೆಗಳ ಮಕ್ಕಳಿಗೆ ಬೇಕಾದ ತರಗತಿ ಕೋಣೆ ಕೇಳಬಹುದು, ಊರಿನ ಇನ್ನೊಂದು ಮೂಲೆಯ ಈಜುಕೊಳವನ್ನು ಕೇಳುವಂತಿಲ್ಲ. ಅದಕ್ಕೂ ಮೊದಲು, 1997ರಲ್ಲಿ, ಲಾರ್ಡ್ ನೋಲನ್ ಸಮಿತಿ ಇನ್ನೊಂದು ಮಾತು ಸೇರಿಸಿತ್ತು: ಒಪ್ಪಂದ ಚುನಾಯಿತ ಸದಸ್ಯರ ಮುಂದೆ ಚರ್ಚೆಗೆ ಬರಬೇಕು, ಜನರಿಗೂ ಅದರ ಮಾಹಿತಿ ಸಿಗಬೇಕು.

ಆ ಮಾತು ಎಷ್ಟು ಮುಖ್ಯವೆಂದು ತೋರಿಸಿದ್ದು ದಕ್ಷಿಣ ಲಂಡನ್ನಿನ ಹೇಗೇಟ್. ಅಲ್ಲಿದ್ದ ಸಾವಿರಕ್ಕೂ ಹೆಚ್ಚು ಮನೆಗಳ ವಸತಿ ಸಮುಚ್ಚಯವನ್ನು ಕೆಡವಿ ಹೊಸದು ಕಟ್ಟಲು ಸದರ್ಕ್ ಕೌನ್ಸಿಲ್ 2010ರಲ್ಲಿ ಲೆಂಡ್ ಲೀಸ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ನೆಲ ಕೌನ್ಸಿಲಿನದೇ, ಅನುಮತಿ ಕೊಡುವುದೂ ಕೌನ್ಸಿಲೇ. ಕೌನ್ಸಿಲಿನ ನೀತಿ ಶೇ 35ರಷ್ಟು ಕೈಗೆಟಕುವ ಮನೆಗಳಿರಬೇಕು ಎನ್ನುತ್ತಿತ್ತು, ಯೋಜನೆಯಲ್ಲಿ ಉಳಿದದ್ದು ಶೇ 25. ಅದಕ್ಕಿಂತ ಹೆಚ್ಚಾದರೆ ಗಿಟ್ಟುವುದಿಲ್ಲ ಎಂಬ ಲೆಕ್ಕ ಗೋಪ್ಯ ವರದಿಯೊಂದರಲ್ಲಿತ್ತು. ಸ್ಥಳೀಯರು ಅದನ್ನು ಕೇಳಿದಾಗ ಕೌನ್ಸಿಲ್ ಕೊಡಲಿಲ್ಲ. 2014ರಲ್ಲಿ ನ್ಯಾಯಮಂಡಳಿ ಬಹುಭಾಗವನ್ನು ಬಹಿರಂಗಪಡಿಸಲು ಹೇಳಿತು. ಇಂಥ ಲೆಕ್ಕಗಳನ್ನು ಸಾಮಾನ್ಯವಾಗಿ ಜನರ ಮುಂದಿಡಬೇಕು ಎಂಬ ಮಾತು 2018ರಲ್ಲಿ ರಾಷ್ಟ್ರೀಯ ನೀತಿಯಲ್ಲೇ ಸೇರಿತು. ಆ ಹೊತ್ತಿಗೆ ಹೇಗೇಟಿನ ಹಳೆಯ ಕಟ್ಟಡಗಳು ನೆಲಸಮವಾಗಿ ವರ್ಷಗಳಾಗಿದ್ದವು, ಅಲ್ಲಿದ್ದವರು ಬೇರೆ ಬೇರೆ ಕಡೆ ಚದುರಿಹೋಗಿದ್ದರು.